ತಲೆಬುರುಡೆ ಕೊಳ್ಳುವ ಮುಂಚೆ: ಕಮ್ಯುನಿಟಿ ಕಾಲೇಜಿನಲ್ಲಿ ಮಾನವಶಾಸ್ತ್ರ ವಿಭಾಗ ಕಟ್ಟುವ ಬಗೆ

“ಐದು ಸಾವಿರ ಡಾಲರ್ ಮಂಜೂರಾಗಿದೆ ಸರ್, ಯಾವ ಯಾವ ತಲೆಬುರುಡೆ ಕೊಳ್ಳಲಿ?”

ಧಾರವಾಡದಲ್ಲಿ ಮಾನವಶಾಸ್ತ್ರದ ಎಂ.ಎ. ಮುಗಿಸಿ ಬಂದ ಯುವ ಅಧ್ಯಾಪಕಿಯೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಕ್ಯಾಲಿಫೋರ್ನಿಯಾದ ಒಳನಾಡಿನ ಕಮ್ಯುನಿಟಿ ಕಾಲೇಜೊಂದರಲ್ಲಿ ಅವರಿಗೆ ಕಾಯಂ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ಮಾನವಶಾಸ್ತ್ರ ವಿಭಾಗ ಎಂದರೆ ಅವರೊಬ್ಬರೇ. ನಾನೂ ಇದೇ ರಾಜ್ಯದ ಇಂಥದೇ ಕಾಲೇಜಿನಲ್ಲಿ ಒಂಟಿ ಎತ್ತಿನ ಗಾಡಿ ಹೊಡೆದವನಾದ್ದರಿಂದ, “ಸದ್ಯಕ್ಕೆ ಏನೂ ಕೊಳ್ಳಬೇಡಮ್ಮ. ಮೊದಲು ತರಗತಿಯಲ್ಲಿ ಯಾರು ಕೂತಿದ್ದಾರೆ ನೋಡು, ಆಮೇಲೆ ಹಳೆಯ ಬೀರು ತೆಗೆದು ನೋಡು” ಎಂದೆ. ಆ ಮಾತುಕತೆ ಮುಂದೆ ಐದಾರು ವಾರ ನಡೆಯಿತು. ಅದನ್ನೇ ಇಲ್ಲಿ ಹೆಜ್ಜೆಗಳಾಗಿ ಬರೆದಿದ್ದೇನೆ.

ಪರಿಚಯವಿಲ್ಲದವರಿಗೆ ಎರಡು ಮಾತು. ಅಮೆರಿಕದ ಕಮ್ಯುನಿಟಿ ಕಾಲೇಜು ಎರಡು ವರ್ಷದ ಸಾರ್ವಜನಿಕ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್ಟಿಗೆ, ಅಂದರೆ ಕೋರ್ಸಿನ ಭಾರ ಅಳೆಯುವ ಒಂದು ಕ್ರೆಡಿಟ್ಟಿಗೆ, 46 ಡಾಲರ್. 60 ಯೂನಿಟ್ ಮುಗಿಸಿದರೆ ಅಸೋಸಿಯೇಟ್ ಪದವಿ. ಅದನ್ನು ಹಿಡಿದು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಪ್ರವೇಶಕ್ಕೆ ಅಂಕಪಟ್ಟಿಯ ಜರಡಿ ಇಲ್ಲ. ಹದಿನೆಂಟರ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಐವತ್ತರ ಲಾರಿ ಚಾಲಕ ಕೂತಿರುತ್ತಾನೆ.

ಮೊದಲ ಹೆಜ್ಜೆ: ಯಾರು, ಯಾತಕ್ಕೆ ಬರುತ್ತಿದ್ದಾರೆ?

ಹೊಸ ಅಧ್ಯಾಪಕರ ತಲೆಯಲ್ಲಿ ತಾವು ಓದಿದ ವಿಶ್ವವಿದ್ಯಾಲಯದ ವಿಭಾಗ ಇರುತ್ತದೆ: ಐದಾರು ಐಚ್ಛಿಕ ಪತ್ರಿಕೆಗಳು, ಕ್ಷೇತ್ರಕಾರ್ಯ, ಗೋಷ್ಠಿಗಳು. ಇಲ್ಲಿ ಅದನ್ನು ನಕಲು ಮಾಡಲು ಹೋದವರು ಎರಡನೆಯ ವರ್ಷಕ್ಕೇ ಸೋಲುತ್ತಾರೆ. ಕಮ್ಯುನಿಟಿ ಕಾಲೇಜಿನ ಮಾನವಶಾಸ್ತ್ರದ ತರಗತಿಯಲ್ಲಿ ಕೂತವರಲ್ಲಿ ಬಹುಪಾಲು ಮಂದಿ ನರ್ಸಿಂಗ್, ವಾಣಿಜ್ಯ, ಕಂಪ್ಯೂಟರ್ ಕಡೆಯವರು. ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣದ ಒಂದು ಚೌಕಕ್ಕೆ ಗುರುತು ಹಾಕಿಸಿಕೊಳ್ಳಲು ಬಂದಿರುತ್ತಾರೆ. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ವಿಭಾಗ ಉಳಿಯುವುದು ಇವರ ಹೆಗಲ ಮೇಲೆ. ಪದವಿಗೆಂದೇ ಬರುವ ಬೆರಳೆಣಿಕೆಯ ವಿದ್ಯಾರ್ಥಿಗಳ ತರಗತಿಗಳನ್ನು ನಡೆಸಲು ಅವಕಾಶ ಸಿಗುವುದೂ ಇವರಿಂದಲೇ.

ಆದ್ದರಿಂದ ಸಾಮಾನ್ಯ ಶಿಕ್ಷಣದ ನಿಯಮವನ್ನು ಜಾತಕ ನೋಡಿದ ಹಾಗೆ ನೋಡಿ. 2025ರ ಶರತ್ಕಾಲದಿಂದ ರಾಜ್ಯದ ಎರಡೂ ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಗಳಿಗೆ ದಾಟುವವರಿಗೆ ಕ್ಯಾಲ್-ಗೆಟ್‌ಸಿ ಎಂಬ ಒಂದೇ ನಮೂನೆ ಬಂದಿದೆ. ಅದರಲ್ಲಿ ಜೈವಿಕ ಮಾನವಶಾಸ್ತ್ರ ವಿಜ್ಞಾನದ ಕೆಳಗೆ ಬರುತ್ತದೆ, ಪ್ರಯೋಗಾಲಯ ಸೇರಿಸಿದರೆ ಪ್ರಯೋಗಾಲಯದ ಅಗತ್ಯವನ್ನೂ ತೀರಿಸುತ್ತದೆ. ರಸಾಯನಶಾಸ್ತ್ರ ಎಂದರೆ ಬೆವರುವ ವಿದ್ಯಾರ್ಥಿಗೆ ಇದು ವರದಾನ. ನಿಮಗೂ ಅಷ್ಟೇ. ಸಾಂಸ್ಕೃತಿಕ ಮಾನವಶಾಸ್ತ್ರ ಮತ್ತು ಪುರಾತತ್ತ್ವ ಸಾಮಾನ್ಯವಾಗಿ ಸಮಾಜವಿಜ್ಞಾನದ ಕೆಳಗೆ ಬರುತ್ತವೆ. ಅಲ್ಲಿ ಬೇಕಾದದ್ದು ಎರಡೇ ಕೋರ್ಸು, ಅವೆರಡೂ ಬೇರೆ ಬೇರೆ ವಿಷಯದವಾಗಿರಬೇಕು. ಅಂದರೆ ಒಬ್ಬ ವಿದ್ಯಾರ್ಥಿ ಅಲ್ಲಿ ನಿಮ್ಮಿಂದ ಒಂದನ್ನು ಮಾತ್ರ ತೆಗೆದುಕೊಳ್ಳುತ್ತಾನೆ. ಎರಡನ್ನೂ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ನಿಮ್ಮ ಮಕ್ಕಳೇ ಪರಸ್ಪರ ತಟ್ಟೆಗೆ ಕೈ ಹಾಕಿದಂತೆ.

ಕಾಲೇಜಿನ ಸಾಂಸ್ಥಿಕ ಸಂಶೋಧನಾ ಕಚೇರಿಯಿಂದ ಕಳೆದ ಐದು ವರ್ಷದ ಅಂಕಿಅಂಶ ಕೇಳಿ. ಯಾವ ತರಗತಿ, ಯಾವ ಹೊತ್ತು, ಮೊದಲ ದಿನ ಎಷ್ಟು ಜನ, ಕೊನೆಗೆ ಉಳಿದವರೆಷ್ಟು, ಕಾಯುವ ಪಟ್ಟಿಯಲ್ಲಿ ಎಷ್ಟು ಹೆಸರು. ಕಾಯುವ ಪಟ್ಟಿಯ ಮೇಲೆ ಕಣ್ಣಿಡಿ. ಮುಂದೆ ಹೊಸ ತರಗತಿ ಕೇಳುವಾಗ ಡೀನ್ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಎರಡನೆಯ ಹೆಜ್ಜೆ: ಬೀರು ತೆಗೆಯಿರಿ

ಈ ಹೆಜ್ಜೆಯನ್ನು ಹಾರಿಸಲೇಬೇಡಿ.

ನಾನು ಸೇರಿದ ವರ್ಷ ಪ್ರಯೋಗಾಲಯದ ಹಿಂದಿನ ಕೋಣೆಯ ಮೇಲಟ್ಟದಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಹಳೆಯ ಹತ್ತಿಯ ಮೇಲೆ ಮನುಷ್ಯನ ಅಸ್ಥಿಪಂಜರ. ಪ್ಲಾಸ್ಟಿಕ್ ಎಂದುಕೊಂಡು ಕೈಗೆತ್ತಿಕೊಂಡೆ. ತೂಕ ಪ್ಲಾಸ್ಟಿಕ್ಕಿನದಾಗಿರಲಿಲ್ಲ. ಬುರುಡೆಯ ಮೇಲ್ಭಾಗವನ್ನು ಗರಗಸದಿಂದ ನೀಟಾಗಿ ಕೊಯ್ದು ಎರಡು ಹಿತ್ತಾಳೆ ಕೊಕ್ಕೆ ಕೂರಿಸಿದ್ದರು, ಕೆಳದವಡೆಗೆ ಸ್ಪ್ರಿಂಗ್. ಮೂಳೆಗಳು ಸಣ್ಣವು, ಹಲ್ಲು ಸವೆದಿದ್ದವು. ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕಾಲೇಜುಗಳಿಗೆ ಬಂದ ಬೋಧನಾ ಅಸ್ಥಿಪಂಜರಗಳಲ್ಲಿ ಬಹುಪಾಲು ಹೊರಟದ್ದು ಭಾರತದಿಂದ, ಮುಖ್ಯವಾಗಿ ಕೋಲ್ಕತ್ತದ ವ್ಯಾಪಾರಿಗಳ ಕೈಯಿಂದ. 1985ರಲ್ಲಿ ಭಾರತ ಸರ್ಕಾರ ಮನುಷ್ಯರ ಅವಶೇಷಗಳ ರಫ್ತನ್ನು ನಿಷೇಧಿಸುವವರೆಗೂ ಇದು ಬಹಿರಂಗ ವ್ಯಾಪಾರವಾಗಿತ್ತು. ನನ್ನ ಪೆಟ್ಟಿಗೆಯೊಳಗಿನವರು ಯಾರ ತಾಯಿಯೋ ತಂದೆಯೋ. ಒಪ್ಪಿಗೆ ಕೇಳಿದವರಂತೂ ಇರಲಾರರು.

ಬೀರು ತೆಗೆದಾಗ ಎರಡು ಬಗೆಯ ಮೂಳೆ ಸಿಗಬಹುದು. ಕೊಕ್ಕೆ, ತಂತಿ, ಸ್ಪ್ರಿಂಗ್, ಕೊರೆದ ತೂತು, ಬಿಳುಪುಗೊಳಿಸಿದ ಬಣ್ಣ ಇದ್ದರೆ ಅದು ವೈದ್ಯಕೀಯ ಸರಬರಾಜುದಾರರಿಂದ ಕೊಂಡದ್ದು. ಮಣ್ಣಿನ ಕಂದುಬಣ್ಣ ಹಿಡಿದು, ಅಲ್ಲಲ್ಲಿ ಮುರಿದು, ಮೂಳೆಯ ಮೇಲೆ ಮಸಿಯಲ್ಲಿ ಬರೆದ ಸಂಖ್ಯೆ ಇದ್ದರೆ ಅದು ನೆಲದಿಂದ ಅಗೆದದ್ದಿರಬಹುದು, ಇಲ್ಲಿನ ಮೂಲನಿವಾಸಿಗಳ ಹಿರಿಯರದ್ದಾಗಿರಬಹುದು. ಎರಡನೆಯದು ಕಂಡ ಕೂಡಲೇ ಕೈ ತೆಗೆಯಿರಿ. ಫೋಟೋ ತೆಗೆದು ಹಂಚಬೇಡಿ, ಅಳೆಯಬೇಡಿ, ತರಗತಿಯಲ್ಲಿ ತೋರಿಸಬೇಡಿ. ಕೋಣೆಗೆ ಬೀಗ ಹಾಕಿ ಡೀನ್‌ಗೆ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ. 1990ರ ನಾಗ್‌ಪ್ರಾ ಎಂಬ ಅಮೆರಿಕದ ಕೇಂದ್ರ ಕಾನೂನು (ಮೂಲನಿವಾಸಿಗಳ ಹಿರಿಯರ ಅವಶೇಷಗಳನ್ನು ಅವರ ಬುಡಕಟ್ಟುಗಳಿಗೆ ಮರಳಿಸುವ ಕಾನೂನು), ಅದರ ಜೊತೆಗೆ ಕ್ಯಾಲಿಫೋರ್ನಿಯಾದ್ದೇ ಆದ 2001ರ ಕಾನೂನು ಇಲ್ಲಿ ಅನ್ವಯವಾಗುತ್ತವೆ. ಕೇಂದ್ರದ ಹಣ ಪಡೆಯುವ ಕಾಲೇಜು, ತನ್ನಲ್ಲಿ ವಸ್ತುಸಂಗ್ರಹಾಲಯ ಇಲ್ಲದಿದ್ದರೂ, ಕಾನೂನಿನ ಕಣ್ಣಿಗೆ ವಸ್ತುಸಂಗ್ರಹಾಲಯವೇ. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಸಂಬಂಧಪಟ್ಟ ಬುಡಕಟ್ಟಿನ ಒಪ್ಪಿಗೆ ಇಲ್ಲದೆ ಪ್ರದರ್ಶನವೂ ಇಲ್ಲ, ಸಂಶೋಧನೆಯೂ ಇಲ್ಲ. “ಇವು ಇಲ್ಲಿ ಮೊದಲಿಂದಲೂ ಇವೆ” ಎಂಬ ಉತ್ತರ ನಡೆಯುವ ಕಾಲ ಹೋಯಿತು.

ಮೊದಲ ಬಗೆಗೆ, ಅಂದರೆ ನಮ್ಮ ಕಡೆಯಿಂದ ಬಂದ ಮೂಳೆಗಳಿಗೆ, ನಾಗ್‌ಪ್ರಾ ಅನ್ವಯಿಸುವುದಿಲ್ಲ. ಇಲ್ಲಿ ನಿಮ್ಮ ವಿಭಾಗವೇ ಒಂದು ನಿಲುವು ಬರೆದಿಡಬೇಕು: ತರಗತಿಯಲ್ಲಿ ಬಳಸುತ್ತೀರೋ ಇಲ್ಲವೋ, ಬಳಸಿದರೆ ವಿದ್ಯಾರ್ಥಿಗಳಿಗೆ ಅದರ ಮೂಲ ಹೇಳುತ್ತೀರೋ, ಯಾರ ಕೈಯಲ್ಲಿ ಬೀಗದ ಕೈ. ನಾನು ಬಳಸುವುದನ್ನು ನಿಲ್ಲಿಸಿದೆ. ಅಕ್ಕಪಕ್ಕದ ಕಾಲೇಜುಗಳಲ್ಲಿ ಗೌರವದಿಂದ ಬಳಸುತ್ತಲೇ ಇರುವ ಒಳ್ಳೆಯ ಅಧ್ಯಾಪಕರಿದ್ದಾರೆ, ಅವರೊಡನೆ ನನ್ನ ಜಗಳ ಮುಗಿದಿಲ್ಲ.

ಉಳಿದ ಸಾಮಾನನ್ನೂ ಪಟ್ಟಿ ಮಾಡಿ. ಮೂಳೆ ಅಳೆಯುವ ಮುರಿದ ಕ್ಯಾಲಿಪರ್, ಮೂಗು ಕಿತ್ತುಹೋದ ನಿಯಾಂಡರ್ತಾಲ್ ಮಾನವನ ಪ್ರತಿಕೃತಿ, ಯಾರೋ ಮೆಕ್ಸಿಕೋದಿಂದ ತಂದಿಟ್ಟ ಮಡಕೆ. ಮಡಕೆಯಂಥವಕ್ಕೆ ಎಲ್ಲಿಂದ ಬಂತೆಂಬ ದಾಖಲೆ ಇಲ್ಲದಿದ್ದರೆ ಅದನ್ನೂ ಬೋಧನೆಗೆ ಬಳಸಬೇಡಿ.

ಮೂರನೆಯ ಹೆಜ್ಜೆ: ಮೂರು ಕೋರ್ಸು, ಒಂದು ಪ್ರಯೋಗಾಲಯ

ಪಠ್ಯಕ್ರಮದ ವಿಷಯದಲ್ಲಿ ಜಾಣತನ ತೋರಿಸಲು ಹೋಗಬೇಡಿ. ಜೈವಿಕ ಮಾನವಶಾಸ್ತ್ರ, ಸಾಂಸ್ಕೃತಿಕ ಮಾನವಶಾಸ್ತ್ರ, ಪುರಾತತ್ತ್ವ, ಇವು ಮೂರು ಕಂಬ. ಜೈವಿಕಕ್ಕೆ ಪ್ರತ್ಯೇಕ ಪ್ರಯೋಗಾಲಯ. ಬೇರೆ ಬೇರೆ ಕಾಲೇಜುಗಳ ಒಂದೇ ಬಗೆಯ ಕೋರ್ಸಿಗೆ ಒಂದೇ ಸಂಖ್ಯೆ ಕೊಡುವ ರಾಜ್ಯದ ಸಿ-ಐಡಿ ವ್ಯವಸ್ಥೆಯಲ್ಲಿ ಈ ಮೂರಕ್ಕೆ ಕ್ರಮವಾಗಿ 110, 120, 150 ಎಂಬ ಸಂಖ್ಯೆಗಳಿವೆ. ನಿಮ್ಮ ಕೋರ್ಸಿನ ರೂಪುರೇಷೆ ಅವುಗಳ ವಿವರಣೆಗೆ ಹೊಂದಿದರೆ ವರ್ಗಾವಣೆ ಪದವಿ, ಅಂದರೆ ವಿಶ್ವವಿದ್ಯಾಲಯಕ್ಕೆ ದಾಟಲೆಂದೇ ಇರುವ ಅಸೋಸಿಯೇಟ್ ಪದವಿ, ಕಟ್ಟುವುದು ಸಲೀಸು. ಆ ಪದವಿಗೆ ಮುಖ್ಯ ವಿಷಯದಲ್ಲಿ ಕನಿಷ್ಠ 18 ಯೂನಿಟ್ ಬೇಕು. ಮೂರು ಕಂಬ ಸೇರಿ 9. ಉಳಿದದ್ದನ್ನು ಪ್ರಯೋಗಾಲಯ, ಸಂಖ್ಯಾಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರದಂಥ, ಕಾಲೇಜಿನಲ್ಲಿ ಈಗಾಗಲೇ ನಡೆಯುತ್ತಿರುವ ಕೋರ್ಸುಗಳಿಂದ ತುಂಬಿಸಬಹುದು. ಒಂಟಿ ಅಧ್ಯಾಪಕರಿಗೆ ಇದೇ ಉಳಿವಿನ ದಾರಿ: ಪದವಿ ನಿಮ್ಮದು, ಅರ್ಧ ಪಾಠ ನೆರೆಮನೆಯವರದು.

ಮಾಂತ್ರಿಕತೆ ಮತ್ತು ಧರ್ಮ, ವಿಧಿವಿಜ್ಞಾನ ಮಾನವಶಾಸ್ತ್ರ, ಇಂಥ ಆಕರ್ಷಕ ಹೆಸರಿನ ಕೋರ್ಸುಗಳ ಆಸೆ ಎಲ್ಲರಿಗೂ ಇರುತ್ತದೆ. ಒಂದನ್ನು ಸೇರಿಸಿ. ಒಂದೇ. ಪ್ರತಿ ಕೋರ್ಸಿಗೂ ಪಠ್ಯಕ್ರಮ ಸಮಿತಿ, ಆಡಳಿತ ಮಂಡಳಿ, ರಾಜ್ಯದ ಚಾನ್ಸಲರ್ ಕಚೇರಿ ಎಂಬ ಮೂರು ಬಾಗಿಲು ದಾಟಬೇಕು, ಆಮೇಲೆ ವಿಶ್ವವಿದ್ಯಾಲಯಗಳ ಒಪ್ಪಿಗೆ. ಬರೆಯಲು ಕೂತ ದಿನದಿಂದ ವಿದ್ಯಾರ್ಥಿ ಕುರ್ಚಿಯಲ್ಲಿ ಕೂರುವವರೆಗೆ ಒಂದೂವರೆ ವರ್ಷ ಇಟ್ಟುಕೊಳ್ಳಿ. ನಿಮ್ಮ ಕೋರ್ಸನ್ನು ಯಾವ ವಿಶ್ವವಿದ್ಯಾಲಯ ಯಾವುದಕ್ಕೆ ಸಮವೆಂದು ಒಪ್ಪಿದೆ ಎಂಬುದನ್ನು ಅಸಿಸ್ಟ್ ಜಾಲತಾಣದಲ್ಲಿ ವರ್ಷಕ್ಕೊಮ್ಮೆ ನೀವೇ ನೋಡಿ. ಅಲ್ಲಿ ಹೆಸರು ತಪ್ಪಿಹೋಗಿದ್ದರೆ ನಷ್ಟ ವಿದ್ಯಾರ್ಥಿಗೆ, ಬೈಗುಳ ನಿಮಗೆ.

ನಾಲ್ಕನೆಯ ಹೆಜ್ಜೆ: 525 ಎಂಬ ಸಂಖ್ಯೆ

ಮಾನವಶಾಸ್ತ್ರಜ್ಞರಿಗೆ ಲೆಕ್ಕದ ಮಾತು ಹಿಡಿಸುವುದಿಲ್ಲ. ಆದರೂ ಇದನ್ನು ಕಲಿಯದೆ ವಿಧಿಯಿಲ್ಲ, ಏಕೆಂದರೆ ಡೀನ್‌ಗೆ ಕೇಳಿಸುವ ಭಾಷೆ ಇದೊಂದೇ.

ರಾಜ್ಯ ಸರ್ಕಾರ ಕಾಲೇಜಿಗೆ ಹಣ ಕೊಡುವಾಗ ತಲೆ ಎಣಿಸುವುದಿಲ್ಲ, ಗಂಟೆ ಎಣಿಸುತ್ತದೆ. 525 ಗಂಟೆಗಳ ತರಗತಿ ಸೇರಿದರೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿಗೆ ಸಮ. ಮೂರು ಯೂನಿಟ್‌ನ ಉಪನ್ಯಾಸ ಕೋರ್ಸು ಒಂದು ಸೆಮಿಸ್ಟರಿಗೆ 54 ಗಂಟೆ. ಅದರಲ್ಲಿ 35 ಮಂದಿ ಕೂತರೆ 1,890 ಗಂಟೆ, ಅಂದರೆ 3.6 ಪೂರ್ಣಾವಧಿ ವಿದ್ಯಾರ್ಥಿಗಳು. ಈಗ ಪ್ರಯೋಗಾಲಯ ನೋಡಿ. ಅದು ಒಂದೇ ಯೂನಿಟ್, ಆದರೆ ಅದಕ್ಕೂ 54 ಗಂಟೆ. 24 ಮಂದಿ ಕೂತರೆ 1,296 ಗಂಟೆ, ಸುಮಾರು ಎರಡೂವರೆ. ಒಂದು ಯೂನಿಟ್‌ನ ಕೋರ್ಸು ಇಷ್ಟು ದುಡಿಯುತ್ತದೆ ಎಂದು ಬಹಳ ಆಡಳಿತಗಾರರಿಗೇ ಹೊಳೆದಿರುವುದಿಲ್ಲ. ಪ್ರಯೋಗಾಲಯಕ್ಕೆ ಸಲಕರಣೆ ಕೇಳುವ ದಿನ ಈ ಲೆಕ್ಕವನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಿರಿ.

2018ರಿಂದ ಜಾರಿಯಲ್ಲಿರುವ ಅನುದಾನ ಸೂತ್ರದಲ್ಲಿ ಸುಮಾರು ಶೇ 70ರಷ್ಟು ಈ ದಾಖಲಾತಿಯ ಮೇಲೆ, ಶೇ 20ರಷ್ಟು ಹಣಕಾಸಿನ ನೆರವು ಬೇಕಾದ ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ, ಶೇ 10ರಷ್ಟು ಪದವಿ, ವರ್ಗಾವಣೆಗಳಂಥ ಫಲಿತಾಂಶದ ಮೇಲೆ ನಿಂತಿದೆ. ವರ್ಷಕ್ಕೆ ಆರು ಜನ ಪದವಿ ಪಡೆದರು ಎಂದು ಹೆಮ್ಮೆಪಡಿ, ಆದರೆ ವಾದವನ್ನು ಆ ಆರರ ಮೇಲೆ ಕಟ್ಟಬೇಡಿ.

ವೇಳಾಪಟ್ಟಿಯನ್ನು ಎರಡು ವರ್ಷಕ್ಕೆ ಒಟ್ಟಿಗೆ ಬರೆಯಿರಿ. ಜೈವಿಕ ಮತ್ತು ಸಾಂಸ್ಕೃತಿಕ ಪ್ರತಿ ಸೆಮಿಸ್ಟರ್, ಪುರಾತತ್ತ್ವ ವರ್ಷಕ್ಕೊಮ್ಮೆ, ನಿಮ್ಮ ಆಸೆಯ ಆ ಒಂದು ಕೋರ್ಸು ಎರಡು ವರ್ಷಕ್ಕೊಮ್ಮೆ. ಈ ಹಾಳೆಯನ್ನು ಸಲಹೆಗಾರರಿಗೆ, ಅಂದರೆ ವಿದ್ಯಾರ್ಥಿಗೆ ಯಾವ ಕೋರ್ಸು ತೆಗೆದುಕೊಳ್ಳಬೇಕೆಂದು ಹೇಳುವ ಸಿಬ್ಬಂದಿಗೆ, ಕೈಯಾರೆ ಕೊಟ್ಟು ಬನ್ನಿ. ಜೊತೆಗೆ ಒಂದು ಡಬ್ಬಿ ಕೋಡುಬಳೆ ಇದ್ದರೆ ಇನ್ನೂ ಒಳ್ಳೆಯದು, ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ತರಗತಿಯನ್ನು ತುಂಬಿಸುವವರು ಅವರೇ.

ಐದನೆಯ ಹೆಜ್ಜೆ: ಈಗ ಕೊಳ್ಳಿ

ಪ್ರತಿಕೃತಿ ಬುರುಡೆಗಳು ಒಂದೊಂದಕ್ಕೆ ಕೆಲವು ನೂರು ಡಾಲರ್ ಬೀಳುತ್ತವೆ. ಐದು ಸಾವಿರ ಕೈಬೀಸಿದಷ್ಟರಲ್ಲಿ ಖಾಲಿ. ಆದ್ದರಿಂದ ಕಥೆ ಹೇಳಲು ಬೇಕಾದಷ್ಟನ್ನೇ ಕೊಳ್ಳಿ. ಚಿಂಪಾಂಜಿ, ಗೊರಿಲ್ಲಾ, ‘ಹಳೆಯ ಜಗತ್ತಿನ’, ಅಂದರೆ ಆಫ್ರಿಕಾ-ಏಷ್ಯಾದ, ಒಂದು ಕೋತಿ, ಆಧುನಿಕ ಮನುಷ್ಯ: ಇವು ಹೋಲಿಕೆಗೆ. ಅಳಿದುಹೋದ ಮಾನವ ಬಳಗದ ಪಳೆಯುಳಿಕೆಗಳಲ್ಲಿ, ‘ಲೂಸಿ’ ಎಂದು ಹೆಸರಾದ ಅಸ್ಥಿಪಂಜರದ ಪ್ರಭೇದವಾದ ಅಫರೆನ್ಸಿಸ್, ದೊಡ್ಡ ದವಡೆಯ ಬೊಯಿಸೈ, ಹೋಮೊ ಎರೆಕ್ಟಸ್, ನಿಯಾಂಡರ್ತಾಲ್. ಈ ಎಂಟರಲ್ಲಿ ಒಂದು ಸೆಮಿಸ್ಟರ್ ನಡೆಯುತ್ತದೆ. ಒಂದೇ ಸೊಂಟದ ಮೂಳೆ ಕೊಳ್ಳಬೇಡಿ. ಗಂಡು, ಹೆಣ್ಣು ಎರಡೂ ಇರಲಿ. ಚಿಂಪಾಂಜಿಯ ಸೊಂಟ ಪಕ್ಕದಲ್ಲಿಟ್ಟರೆ ಎರಡು ಕಾಲಿನ ನಡಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಆರು ಸ್ಲೈಡಿಂಗ್ ಕ್ಯಾಲಿಪರ್ ಸಾಕು, ನಾಲ್ಕು ಜನಕ್ಕೊಂದು.

ಹೋಮೊ ನಲೇಡಿ ಎಂಬ ಅಳಿದುಹೋದ ಮಾನವ ಪ್ರಭೇದದ ಮೂಳೆಗಳ ತ್ರಿ-ಆಯಾಮದ ಕಡತಗಳು 2015ರಿಂದ ಮಾರ್ಫೋಸೋರ್ಸ್ ಭಂಡಾರದಲ್ಲಿ ಉಚಿತವಾಗಿವೆ. ಗ್ರಂಥಾಲಯದಲ್ಲಿ ತ್ರಿ-ಆಯಾಮದ ಮುದ್ರಣಯಂತ್ರ ಇದ್ದರೆ ಅಲ್ಲೇ ಅಚ್ಚು ಹಾಕಿಸಿ. ಹಗುರ, ಒರಟು, ಬಣ್ಣ ವಿಚಿತ್ರ. ಆದರೆ ಕೆಳಗೆ ಬಿದ್ದರೆ ಎದೆ ಧಸಕ್ಕೆನ್ನುವುದಿಲ್ಲ.

ಪಠ್ಯಪುಸ್ತಕಕ್ಕೆ ವಿದ್ಯಾರ್ಥಿಯ ಹಣ ಖರ್ಚು ಮಾಡಿಸಬೇಡಿ. ಅಮೆರಿಕನ್ ಆಂತ್ರೊಪಾಲಜಿಕಲ್ ಅಸೋಸಿಯೇಷನ್ನಿನೊಳಗೆ ಕಮ್ಯುನಿಟಿ ಕಾಲೇಜಿನ ಮಾನವಶಾಸ್ತ್ರ ಅಧ್ಯಾಪಕರದ್ದೇ ಒಂದು ಸಂಘ 1978ರಿಂದ ಇದೆ. ಅದು ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ ‘ಪರ್ಸ್‌ಪೆಕ್ಟಿವ್ಸ್’, ಜೈವಿಕಕ್ಕೆ ‘ಎಕ್ಸ್‌ಪ್ಲೊರೇಷನ್ಸ್’ ಎಂಬ ಮುಕ್ತ ಪುಸ್ತಕಗಳನ್ನು ಹೊರತಂದಿದೆ. ಎರಡೂ ಉಚಿತ. ‘ಪುಸ್ತಕ ವೆಚ್ಚ ಶೂನ್ಯ’ ಎಂಬ ಗುರುತು ವೇಳಾಪಟ್ಟಿಯಲ್ಲಿ ಕಂಡರೆ ಆ ತರಗತಿ ಮೊದಲು ತುಂಬುತ್ತದೆ ಎಂಬುದು ನನ್ನ ಅನುಭವ.

ಇನ್ನು ಕಾಸು ಬೇಡದ ಸಲಕರಣೆ. ಮೃಗಾಲಯಕ್ಕೆ ಕಳುಹಿಸಿ ಒಂದು ಕೋತಿಯನ್ನು ಒಂದು ಗಂಟೆ, ನಿಮಿಷಕ್ಕೊಮ್ಮೆ ಗುರುತು ಹಾಕುತ್ತಾ ನೋಡಿಸಿ. ಮತ್ತೆ, ತರಗತಿಯಲ್ಲಿ ಕೂತವರ ಮನೆಗಳು. ಬಂಧುತ್ವದ ಪಾಠಕ್ಕೆ ನಾನು ಎಲ್ಲರಿಂದಲೂ ಅವರವರ ಅಜ್ಜ ಅಜ್ಜಿಯನ್ನು ಕೇಳಿ ವಂಶದ ನಕ್ಷೆ ಬರೆಸುತ್ತೇನೆ. ಒಮ್ಮೆ ಕಂಪ್ಯೂಟರ್ ಓದುತ್ತಿದ್ದ ಕನ್ನಡದ ಮನೆಯ ಹುಡುಗನೊಬ್ಬ ತನ್ನ ನಕ್ಷೆಯಲ್ಲಿ ಎರಡು ಕಡೆ ‘ಮಾವ’ ಎಂದು ಬರೆದು, ಒಂದನ್ನು ತಪ್ಪೆಂದು ಹೊಡೆದುಹಾಕಿದ್ದ. ಅಮ್ಮನ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ ಹೇಗಾಗುತ್ತಾರೆ ಎಂಬುದು ಅವನ ಅನುಮಾನ. ಬೋರ್ಡಿನ ಮೇಲೆ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ ಎಳೆದು ಸೋದರಮಾವನ ಮಗಳಿಗೂ ಅವನಿಗೂ ನಡುವೆ ಮದುವೆಯ ಗುರುತಾದ ಎರಡು ಅಡ್ಡಗೆರೆ ಹಾಕಿದೆ. ಹಿಂದಿನ ಸಾಲಿನ ಮೆಕ್ಸಿಕನ್ ಹೆಂಗಸು “ಓ!” ಎಂದರು. ಹುಡುಗ ಮಾತ್ರ ಕಿವಿಯವರೆಗೆ ಕೆಂಪಾದ. ಆ ಹಾಳೆಯನ್ನು ಅವನ ಅನುಮತಿ ಪಡೆದು, ಹೆಸರು ಅಳಿಸಿ, ಈಗಲೂ ಪ್ರತಿ ವರ್ಷ ಬಳಸುತ್ತೇನೆ. ಪುರಾತತ್ತ್ವದಲ್ಲಿ ಕೈಕೊಡಲಿಯ ಪಾಠಕ್ಕೆ ಯಾದಗಿರಿ ಜಿಲ್ಲೆಯ ಇಸಾಂಪುರವನ್ನು ತರುತ್ತೇನೆ: ಪ್ರಾಚೀನ ಶಿಲಾಯುಗದವರು ಸುಣ್ಣಕಲ್ಲಿನ ಬಂಡೆಯ ಬಳಿಯೇ ಕೂತು ಕೊಡಲಿ ಮಾಡಿಕೊಂಡ ಜಾಗ. ಬರೀ ಆಫ್ರಿಕಾ, ಫ್ರಾನ್ಸ್ ಎಂದು ಕೇಳಿ ಬೇಸತ್ತ ತರಗತಿ ಆಗ ತಲೆ ಎತ್ತುತ್ತದೆ.

ಆರನೆಯ ಹೆಜ್ಜೆ: ಜೊತೆಗಾರರು

ಕಲಿಸಲು ಮಾನವಶಾಸ್ತ್ರ ಅಥವಾ ಪುರಾತತ್ತ್ವದಲ್ಲಿ ಸ್ನಾತಕೋತ್ತರ ಪದವಿ ಸಾಕು. ತಾತ್ಕಾಲಿಕ ಅಧ್ಯಾಪಕರು ಒಂದು ಕಾಲೇಜು ಜಿಲ್ಲೆಯಲ್ಲಿ, ಅಂದರೆ ಒಂದೇ ಆಡಳಿತದ ಕೆಳಗಿನ ಕಾಲೇಜುಗಳಲ್ಲಿ, ಪೂರ್ಣ ಹೊರೆಯ ಶೇ 67ಕ್ಕಿಂತ ಹೆಚ್ಚು ಪಾಠ ಮಾಡುವಂತಿಲ್ಲ. ಸಾಮಾನ್ಯವಾಗಿ ಮೂರು ಕೋರ್ಸು. ಆದ್ದರಿಂದ ಅವರು ಮೂರು ಊರಿನ ಮೂರು ಕಾಲೇಜುಗಳ ನಡುವೆ ಕಾರಿನಲ್ಲಿ ಊಟ ಮಾಡುತ್ತಾ ಓಡುತ್ತಿರುತ್ತಾರೆ. ಅವರ ತರಗತಿಗಳನ್ನು ಒಂದೇ ದಿನಕ್ಕೆ ಕೂಡಿಸಿ ಕೊಡಿ. ಮುಕ್ಕಾಲು ಪಾಲು ಬೋಧನೆ ಕಾಯಂ ಅಧ್ಯಾಪಕರಿಂದಲೇ ಆಗಬೇಕು ಎಂಬ ಗುರಿಯನ್ನು ರಾಜ್ಯ 1988ರಲ್ಲೇ ಕಾನೂನಿನಲ್ಲಿ ಬರೆದಿದೆ. ಎರಡನೆಯ ಕಾಯಂ ಹುದ್ದೆ ಕೇಳುವಾಗ ಅದನ್ನು ನೆನಪಿಸಿ, ಆದರೆ ಉಸಿರು ಬಿಗಿಹಿಡಿದು ಕಾಯಬೇಡಿ.

ಹೋಗುವವರ ಜೊತೆ ಪಾಠವೂ ಹೋಗದಂತೆ ನೋಡಿಕೊಳ್ಳಿ. ಪ್ರಯೋಗದ ಹಾಳೆಗಳು, ಬೀರುವಿನ ಪಟ್ಟಿ, ಕೋರ್ಸಿನ ರೂಪುರೇಷೆ ಎರಡು ಬೇರೆ ಜಾಗಗಳಲ್ಲಿ ಇರಲಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹದಿನೆಂಟು ವರ್ಷ ತಿದ್ದಿ ಜೋಡಿಸಿದ ಹಳ್ಳಿಯ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನ ಒಂದೇ ಕೋಣೆಯಲ್ಲಿದ್ದವು. ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು.

ಏಳನೆಯ ಹೆಜ್ಜೆ: ಹಣ ಕೇಳುವ ಋತು

ಪ್ರತಿ ಕಾಲೇಜಿನಲ್ಲೂ ವಿಭಾಗದ ವಾರ್ಷಿಕ ಪರಿಶೀಲನೆ ಎಂಬ ವರದಿ ಇರುತ್ತದೆ. ಸಲಕರಣೆಯ ಬೇಡಿಕೆ ಅದರಲ್ಲಿ ಬರೆದಿಲ್ಲದಿದ್ದರೆ ಆ ವರ್ಷ ಸಿಗುವುದಿಲ್ಲ, ಎಷ್ಟೇ ಗೋಗರೆದರೂ. ಪರ್ಕಿನ್ಸ್ ಅನುದಾನದ ಬಾಗಿಲು ತಟ್ಟಬೇಡಿ, ಅದು ವೃತ್ತಿಶಿಕ್ಷಣಕ್ಕೆ ಮೀಸಲು. ರಾಜ್ಯದ ಲಾಟರಿ ಹಣದಲ್ಲಿ ಬೋಧನಾ ಸಾಮಗ್ರಿಗೆಂದೇ ಮೀಸಲಾದ ಪಾಲೊಂದಿದೆ. ಬುರುಡೆಗಳಿಗೆ ಅದು ಸರಿಯಾದ ಬಾಗಿಲು. ವರ್ಷದ ಕೊನೆಗೆ, ಮೇ ತಿಂಗಳಲ್ಲಿ, ಎಲ್ಲೋ ಖರ್ಚಾಗದ ಹಣ ಉಳಿದು ‘ಮೂರು ದಿನದಲ್ಲಿ ಬೆಲೆಪಟ್ಟಿ ಕೊಡಿ’ ಎಂಬ ಮಿಂಚಂಚೆ ಬರುತ್ತದೆ. ಅಂದು ಬೆಲೆಪಟ್ಟಿ ಮೇಜಿನ ಒಳಗೆ ಸಿದ್ಧವಿರುವವರಿಗೆ ಗೊರಿಲ್ಲಾ ಸಿಗುತ್ತದೆ.

ಧಾರವಾಡದ ಆ ಅಧ್ಯಾಪಕಿ ಆರು ವಾರದ ಮೇಲೆ ಮತ್ತೆ ಫೋನ್ ಮಾಡಿದರು. ಐದು ಸಾವಿರದಲ್ಲಿ ಮೊದಲ ಖರ್ಚು ಎರಡು ಗಟ್ಟಿ ಬೀಗ. ಆಮೇಲೆ ಆರು ಕ್ಯಾಲಿಪರ್, ಎಂಟರಲ್ಲಿ ಏಳು ಬುರುಡೆ. ಅವರ ಬೀರುವಿನಲ್ಲೂ ಒಂದು ಮರದ ಪೆಟ್ಟಿಗೆ ಇತ್ತಂತೆ, ಮುಚ್ಚಳದ ಒಳಗೆ ಅರ್ಧ ಹರಿದ ಕಲ್ಕತ್ತದ ಚೀಟಿ. “ಇದನ್ನು ಯಾವ ಪಟ್ಟಿಯಲ್ಲಿ ಬರೆಯಲಿ ಸರ್?” ಎಂದು ಕೇಳಿದರು. ಸಲಕರಣೆಯ ಪಟ್ಟಿಯಲ್ಲಂತೂ ಬೇಡ ಎಂದೆ.